ವ್ಯಾಲಸೈಕ್ಲೋವಿರ್ ಕೋಶದೊಳಗೆ ಸಿಗುತ್ತಿಲ್ಲ: ದೋಷ ಸಾಗಕ ಪ್ರೋಟೀನಿನದೋ, ಅಳತೆಯದೋ?

ಪ್ರಶ್ನೆ:
ವೈರಸ್‌ನಾಶಕ ಔಷಧವಾದ ಅಸೈಕ್ಲೋವಿರ್‌ಗಿಂತ ಅದರ ಪ್ರೋಡ್ರಗ್ (ದೇಹದೊಳಗೆ ಮೂಲ ಔಷಧವಾಗಿ ಬದಲಾಗುವ ರೂಪ) ಆದ ವ್ಯಾಲಸೈಕ್ಲೋವಿರ್, ಸಣ್ಣ ಪೆಪ್ಟೈಡ್‌ಗಳನ್ನು ಕೋಶದೊಳಗೆ ಒಯ್ಯುವ ಪೊರೆಯ ಪ್ರೋಟೀನಾದ ಪೆಪ್‌ಟಿ-1 ಸಾಗಕದ ಮೂಲಕ ಹೆಚ್ಚು ಒಳಸೇರುತ್ತದೆ ಎಂಬುದನ್ನು ಕಾಕೊ-2 ಕೋಶಗಳಲ್ಲಿ (ಕರುಳಿನ ಒಳಪದರದ ಮಾದರಿಯಾಗಿ ಬಳಸುವ ಮಾನವ ಕೋಶಗಳು) ಪರೀಕ್ಷಿಸುತ್ತಿದ್ದೇನೆ. ಬಿತ್ತಿ 21 ದಿನ ಬೆಳೆಸಿದ ಕೋಶಗಳಿಗೆ ಪಿಎಚ್ 6.0ರ ಬಫರ್‌ನಲ್ಲಿ 1 ಮಿಲಿಮೋಲಾರ್ ಔಷಧವನ್ನು ಹಾಕಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ತಣ್ಣನೆಯ ಬಫರ್‌ನಿಂದ ತೊಳೆದು, ಕೋಶಗಳನ್ನು ಒಡೆದು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಅಳೆದೆ. ಮೂರು ಬಾರಿಯೂ ವ್ಯಾಲಸೈಕ್ಲೋವಿರ್‌ನ ಶಿಖರ ಕಾಣಲೇ ಇಲ್ಲ. ನನ್ನ ಕೋಶಗಳಲ್ಲಿ ಪೆಪ್‌ಟಿ-1 ಇಲ್ಲವೇ?

ಉತ್ತರ:
ಹಾಗೆ ತೀರ್ಮಾನಿಸುವ ಮುನ್ನ ಅದೇ ಕ್ರೊಮಟೋಗ್ರಾಮ್‌ನಲ್ಲಿ (ಎಚ್‌ಪಿಎಲ್‌ಸಿ ಕೊಡುವ ರೇಖಾಚಿತ್ರ) ಅಸೈಕ್ಲೋವಿರ್‌ನ ಶಿಖರವನ್ನು ಹುಡುಕಿರಿ. ಅಸೈಕ್ಲೋವಿರ್‌ಗೆ ಎಲ್-ವ್ಯಾಲಿನ್ ಅನ್ನು ಜೋಡಿಸಿರುವುದು ಎಸ್ಟರ್ ಬಂಧ. ಕೋಶದೊಳಗಿನ ಹೈಡ್ರೋಲೇಸ್‌ಗಳು (ನೀರು ಬಳಸಿ ಬಂಧ ಕಡಿಯುವ ಕಿಣ್ವಗಳು) ಅದನ್ನು ಬೇಗನೆ ಕಡಿಯುತ್ತವೆ. ಒಂದು ಗಂಟೆಯ ನಂತರ ಒಳಗೆ ಉಳಿದಿರುವುದು ಬಹುಪಾಲು ಅಸೈಕ್ಲೋವಿರ್ ಆಗಿರುವುದರಿಂದ, ಎರಡರ ಮೋಲ್‌ಗಳನ್ನೂ ಕೂಡಿಸಿದರೆ ಮಾತ್ರ ಒಳಸೇರಿದ ಪ್ರಮಾಣ ತಿಳಿಯುತ್ತದೆ. ಬಿಡುಗಡೆಯಾದ ಅಸೈಕ್ಲೋವಿರ್ ಪೊರೆಯನ್ನು ಸುಲಭವಾಗಿ ದಾಟಲಾರದ್ದರಿಂದ ಅದು ಬೇಗನೆ ಹೊರಗೂ ಹೋಗುವುದಿಲ್ಲ.

ಪ್ರಶ್ನೆ:
ಅಸೈಕ್ಲೋವಿರ್‌ನ ದೊಡ್ಡ ಶಿಖರವೇ ಇತ್ತು, ಧನ್ಯವಾದಗಳು. ಆದರೆ ಈಗ ಎರಡನ್ನೂ ಕೂಡಿಸಿ ನೋಡಿದರೆ ಪಿಎಚ್ 7.4ರಲ್ಲಿ 6.0ಕ್ಕಿಂತ ಹೆಚ್ಚು ಒಳಸೇರಿದೆ! ಪೆಪ್‌ಟಿ-1 ಪ್ರೋಟಾನ್‌ಗಳ ಬಲದಿಂದ ನಡೆಯುವ ಸಾಗಕವಲ್ಲವೇ? ಜೊತೆಗೆ ಅದೇ ಸಾಗಕಕ್ಕಾಗಿ ಸೆಣಸುವ 1 ಮಿಲಿಮೋಲಾರ್ ಗ್ಲೈಸಿಲ್‌ಸಾರ್ಕೊಸಿನ್ ಬೆರೆಸಿದರೂ ಪ್ರಮಾಣ ಅಷ್ಟಾಗಿ ಇಳಿಯಲಿಲ್ಲ.

ಉತ್ತರ:
ನಿಮ್ಮ ಫಲಿತಾಂಶ ತಪ್ಪಲ್ಲ, ಇದು ಈ ಅಣುವಿನ ಸ್ವಭಾವ. ಗ್ಲೈಸಿಲ್‌ಸಾರ್ಕೊಸಿನ್‌ನಂಥ ಡೈಪೆಪ್ಟೈಡ್‌ಗಳಿಗೆ (ಎರಡು ಅಮೈನೊ ಆಮ್ಲಗಳ ಜೋಡಿ) ಪಿಎಚ್ 6.0 ಅನುಕೂಲಕರವೆಂಬುದು ನಿಜ. ಆದರೆ ವ್ಯಾಲಸೈಕ್ಲೋವಿರ್‌ನಲ್ಲಿ ಪೆಪ್ಟೈಡ್ ಬಂಧವೂ ಇಲ್ಲ, ಋಣಾವೇಶವನ್ನು ಹೊರುವ ಕಾರ್ಬಾಕ್ಸಿಲ್ ಗುಂಪೂ ಇಲ್ಲ. ವ್ಯಾಲಿನ್‌ನ ಅಮೈನ್ ಗುಂಪಿನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಹೊತ್ತಿರುವ ಪಿಎಚ್) ಸುಮಾರು 7.5 ಆಗಿರುವುದರಿಂದ, ಪಿಎಚ್ 6.0ರಲ್ಲಿ ನೂರರಲ್ಲಿ ಸುಮಾರು 97 ಅಣುಗಳು ಧನಾವೇಶವನ್ನು ಹೊತ್ತಿರುತ್ತವೆ, 7.4ರಲ್ಲಿ ಅರ್ಧದಷ್ಟು ಮಾತ್ರ. ಆವೇಶವಿಲ್ಲದ ರೂಪವನ್ನು ಪೆಪ್‌ಟಿ-1 ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಪಿಎಚ್ 6.0ರಲ್ಲಿ ಪ್ರೋಟಾನ್ ಇಳಿಜಾರಿನಿಂದ ಬರುವ ಲಾಭವನ್ನು, ಆವೇಶವಿಲ್ಲದ ರೂಪ ಕಡಿಮೆಯಾಗುವ ಈ ನಷ್ಟ ನುಂಗಿಹಾಕುತ್ತದೆ. ಪ್ರೋಡ್ರಗ್ ವಿನ್ಯಾಸ ಮಾಡುವವರು ಇದನ್ನು ಮರೆಯಬಾರದು: ಅಮೈನೊ ಆಮ್ಲವೊಂದನ್ನು ಅಂಟಿಸಿದ ಮಾತ್ರಕ್ಕೆ ಅಣು ಡೈಪೆಪ್ಟೈಡ್‌ನಂತೆಯೇ ನಡೆದುಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ. ಪಿಎಚ್ 7.4ರಲ್ಲಿ ಎಸ್ಟರ್ ಬಂಧ ಬಫರ್‌ನಲ್ಲೇ ತಾನಾಗಿ ಕಡಿದುಹೋಗುವ ವೇಗ ಹೆಚ್ಚು. ಆದ್ದರಿಂದ ಅವಧಿಯನ್ನು 10 ನಿಮಿಷಕ್ಕೆ ಇಳಿಸಿ, ಕೋಶಗಳಿಲ್ಲದ ಒಂದು ಬಾವಿಯಲ್ಲೂ ಔಷಧವನ್ನಿಟ್ಟು ಎಷ್ಟು ಒಡೆಯಿತೆಂದು ನೋಡಿರಿ.

ಗ್ಲೈಸಿಲ್‌ಸಾರ್ಕೊಸಿನ್ ವಿಷಯ ಸರಳ. ಪೆಪ್‌ಟಿ-1 ಹಿಡಿತ ಕಡಿಮೆಯಿದ್ದು ಸಾಮರ್ಥ್ಯ ಹೆಚ್ಚಿರುವ ಸಾಗಕ; ಎರಡೂ ವಸ್ತುಗಳು ಮಿಲಿಮೋಲಾರ್ ಮಟ್ಟದಲ್ಲೇ ಸೆಣಸುವುದರಿಂದ ಸಮಪ್ರಮಾಣದ ಪ್ರತಿಸ್ಪರ್ಧಿ ಸಾಲದು. ಔಷಧವನ್ನು 0.1 ಮಿಲಿಮೋಲಾರ್‌ಗೆ ಇಳಿಸಿ, ಗ್ಲೈಸಿಲ್‌ಸಾರ್ಕೊಸಿನ್ ಅನ್ನು 20ಕ್ಕೆ ಏರಿಸಿರಿ. ಜೊತೆಗೆ 4 ಡಿಗ್ರಿಯಲ್ಲೊಂದು ತಟ್ಟೆ ಇಟ್ಟರೆ, ಕೋಶಗಳಿಗೆ ಸುಮ್ಮನೆ ಅಂಟಿಕೊಂಡ ಪಾಲು ಎಷ್ಟೆಂಬುದರ ಅಂದಾಜು ಸಿಗುತ್ತದೆ. ಅದನ್ನು ಕಳೆದೇ ಹೋಲಿಸಬೇಕು.