ಕೋೞಿ ಕೋಫಿ ಆಯ್ತು: ಕೆಲಸದ ನಡುವೆ ಇಷ್ಟು ನಗಬಹುದಾ?

ತುಮಕೂರು ಟೆಸ್ಟರ್
ಹಳಗನ್ನಡ ಪಠ್ಯದಲ್ಲಿ ಪದ ಹುಡುಕಿದ್ರೆ ಸಿಗ್ತಿಲ್ಲ ಅಂತ ನಿನ್ನೆ ಒಂದು ಬಗ್ ನನ್ನ ತಲೆಗೆ ಬಿತ್ತು. ಯಾವ ಅಕ್ಷರ ಕೈ ಕೊಡ್ತಿದೆ ಅಂತ ನೋಡೋಕೆ ‘ೞ’ವನ್ನ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಕೈಗಿಟ್ಟು, ಇದರ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಕ್ಕೂ ನಂಬರು, ಹೆಸರು ಕೊಡೋ ಪಟ್ಟಿ) ಹೆಸರೇನಪ್ಪಾ ಅಂದೆ. ‘ಕನ್ನಡ ಲೆಟರ್ ಎಫ್‌ಎ’ ಅಂತು. ಅಂದ್ರೆ ಫ್ಯಾನಿನ ಫ! ಕನ್ನಡದಲ್ಲಿ ಮೂಲತಃ ಇಲ್ಲವೇ ಇಲ್ಲದ ಸದ್ದಿನ ಹೆಸರು, ನಾವೇ ಮರೆತ ಅಕ್ಷರಕ್ಕೆ. ಆ ಲೆಕ್ಕದಲ್ಲಿ ಏೞು (ಈಗಿನ ಏಳು) ‘ಏಫು’, ಕೋೞಿ (ಈಗಿನ ಕೋಳಿ) ‘ಕೋಫಿ’. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕೂತು ನಕ್ಕಿದ್ದೀನಿ, ಪಕ್ಕದ ರೂಮಿನವರು ಬಂದು ಬಾಗಿಲು ತಟ್ಟಿದ್ರು. ನಿಮಗೂ ಹೀಗೆ ಸಿಕ್ಕಿದ್ದರೆ ಹೇಳಿ.

ರಾತ್ರಿಪಾಳಿ
ನಗೋದೇನಿದೆ ಇದರಲ್ಲಿ? ನಮ್ಮ ಅಕ್ಷರಕ್ಕೆ ತಪ್ಪು ಹೆಸರು ಇಟ್ಟಿದ್ದಾರೆ, ತಿದ್ದಿಸ್ಬೇಕು. ಬೇರೆ ಭಾಷೆಯವರಾಗಿದ್ರೆ ಇಷ್ಟೊತ್ತಿಗೆ ಗಲಾಟೆ ಎಬ್ಬಿಸಿರೋರು.

ಅರ್ಕಾವತ್ತು
ತಿದ್ದೋಕೆ ಬರಲ್ಲ ಸಾರ್. 1996ರ ಯೂನಿಕೋಡ್ 2.0 ಆವೃತ್ತಿಯಿಂದೀಚೆಗೆ ಒಮ್ಮೆ ಇಟ್ಟ ಹೆಸರು ಬದಲಾಯಿಸುವಂತಿಲ್ಲ ಅನ್ನೋದೇ ನಿಯಮ. ತಪ್ಪಾಗಿದ್ರೆ ಪಕ್ಕದಲ್ಲಿ ಇನ್ನೊಂದು ಅಧಿಕೃತ ಹೆಸರು ಸೇರಿಸ್ತಾರೆ, ಇದಕ್ಕೂ ಸೇರಿಸಿದ್ದಾರೆ. ನಾವೊಬ್ಬರೇ ಅಲ್ಲ, ಒಂದು ಚಿಹ್ನೆಯ ಹೆಸರಲ್ಲಿ ‘ಬ್ರ್ಯಾಕೆಟ್’ ಅನ್ನೋ ಪದದ ಇಂಗ್ಲಿಷ್ ಅಕ್ಷರಗಳೇ ಹಿಂದುಮುಂದಾಗಿ ಇವತ್ತಿಗೂ ಹಾಗೇ ಕೂತಿವೆ.

ಆದರೆ ಮಜಾ ಇರೋದು ಬೇರೆ ಕಡೆ. ಯೂನಿಕೋಡಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ನಂಬರಿನ ಮನೆ. ನಮ್ಮ ಲಿಪಿಗಳಿಗೆ ತಲಾ 128 ಮನೆ, ಜೋಡಣೆ ಹೆಚ್ಚುಕಡಿಮೆ ಒಂದೇ. ದೇವನಾಗರಿಯಲ್ಲಿ, ಪಂಜಾಬಿಯ ಗುರುಮುಖಿಯಲ್ಲಿ ಮೊದಲ ಮನೆಯಿಂದ 94 ಮನೆ ದಾಟಿದ್ರೆ ಸಿಗೋದು ಫ್ಯಾನಿನ ಫ. ಕನ್ನಡದ ಸಾಲು ಶುರುವಾಗೋದು 3200ರಿಂದ. 94 ದಾಟಿ, 3294. ಅಲ್ಲಿ ಯಾರಿದ್ದಾರೆ? ನಮ್ಮ ೞ! ಬೋರ್ಡು ಆ ಸೀಟಿಂದು, ಕೂತವರು ಬೇರೆ. ಇನ್ನು ತಮಿಳು, ಮಲಯಾಳಂನಲ್ಲಿ ೞ ಇರೋದು 52 ದಾಟಿದ ಮನೆಯಲ್ಲಿ. ನಮ್ಮಲ್ಲಿ ಅದು 3252 ಆಗ್ಬೇಕು. ಈಚೆ 3251ರಲ್ಲಿ ಳ, ಆಚೆ 3253ರಲ್ಲಿ ವ, ನಡುವಿನದು ಖಾಲಿ. ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟು ಹಾಗೇ ಇದೆ, ಯಜಮಾನರು ಮಾತ್ರ ಹಿಂದಿನ ಸಾಲಲ್ಲಿ ಬೇರೆಯವರ ಹೆಸರಲ್ಲಿ ಪ್ರಯಾಣ ಮಾಡ್ತಿದ್ದಾರೆ.

ಹಳೇಮೇಷ್ಟ್ರು
ಟವೆಲ್ ಮಾತು ಓದಿ ಕನ್ನಡಕ ತೆಗೆದು ಒರೆಸಿಕೊಂಡೆ. ವ್ಯಾಕರಣದಲ್ಲಿ ಇದನ್ನು ರೞ ಎನ್ನುತ್ತೇವೆ. ನಡುಗನ್ನಡದ ಹೊತ್ತಿಗೆ ಬಳಕೆ ತಪ್ಪಿ ಬಹಳ ಕಡೆ ಳ ಆಯಿತು. ಬೇರೆಯವರ ಮನೆಯಲ್ಲಿ ಇರುವುದು ಅದಕ್ಕೇನೂ ಹೊಸದಲ್ಲ ಬಿಡಿ.

ಜರ್ಮನಿ ಹುಡುಗ
ಅಕ್ಷರದ ಕಥೆ ಅಂದ್ರೆ ನಂದೂ ಒಂದು. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಕೋಡಿನ ಕೆಳಗೆ ಟೀಮ್ ಲೀಡ್ ಬರೆದಿದ್ದು ಇಷ್ಟೇ: ಠ_ಠ. ನಾನು ಅದನ್ನ ಕನ್ನಡಿಗನಾಗಿ ‘ಠ, ಠ’ ಅಂತ ಓದಿಕೊಂಡು, ಇವರಿಗೆ ಕನ್ನಡ ಬರುತ್ತಾ ಅಂತ ಹಿಗ್ಗಿಬಿಟ್ಟೆ. ಹುಬ್ಬು ಗಂಟಿಕ್ಕಿ ನೋಡೋ ಮುಖವಂತೆ ಅದು! ನನ್ನ ಕೋಡ್ ಅಷ್ಟು ಕೆಟ್ಟದಾಗಿತ್ತು. ಇದು ನಮ್ಮ ಅಕ್ಷರ, ಹೀಗೆ ಉಚ್ಚಾರ ಮಾಡ್ತೀವಿ ಅಂತ ಹೇಳಿದ ಮೇಲೆ ಅವರು ಇಡೀ ದಿನ ಅಭ್ಯಾಸ ಮಾಡಿದ್ರು. ಬರೀ ‘ಟ’ ಬರ್ತಿತ್ತು, ಮಹಾಪ್ರಾಣ ಬರಲೇ ಇಲ್ಲ.

ಹಳೇಮೇಷ್ಟ್ರು
ಮಹಾಪ್ರಾಣ ನನ್ನ ಹತ್ತನೇ ಕ್ಲಾಸಿಗೂ ಬರುತ್ತಿರಲಿಲ್ಲ. ನೀವು ಹೇಳಿದ ಮೇಲೆ ‘ಪಾಠ’ ಎಂದು ಬರೆದರೂ ಅದರೊಳಗಿಂದ ಒಂದು ಕಣ್ಣು ದುರುಗುಟ್ಟಿ ನೋಡಿದಂತಾಗುತ್ತಿದೆ.

ತುಮಕೂರು ಟೆಸ್ಟರ್
ಕೋಫಿ ಅಂದಾಗಲೇ ಹೇಳ್ಬೇಕಿತ್ತು. ಇಂಟರ್‌ನೆಟ್ಟಿನ ನಿಯಮಗಳನ್ನ ಬರೆದಿಡೋ ಆರ್‌ಎಫ್‌ಸಿ ಅನ್ನೋ ದಾಖಲೆಗಳ ಸಾಲಿನಲ್ಲಿ 1998ರ ಏಪ್ರಿಲ್ 1ಕ್ಕೆ ತಮಾಷೆಗೆ ಅಂತ 2324ನೇದು ಬಂತು. ಇಂಟರ್‌ನೆಟ್ ಮೂಲಕ ಕಾಫಿ ಪಾತ್ರೆ ನಡೆಸೋ ಪ್ರೋಟೊಕಾಲ್ (ಯಂತ್ರಗಳು ಮಾತಾಡಿಕೊಳ್ಳೋ ನಿಯಮ), ಭಾಷೆ ಪೂರ್ತಿ ಗಂಭೀರ. ಟೀ ಪಾಟಿಗೆ ಕಾಫಿ ಮಾಡು ಅಂದ್ರೆ ಅದು ‘418, ನಾನು ಟೀ ಪಾಟ್’ ಅನ್ನಬೇಕು. ಪುಟ ಸಿಗದಿದ್ದಾಗ ಬರುತ್ತಲ್ಲ, ಆ 404ರ ಸಾಲಿನಲ್ಲೇ ಇದೂ. 2017ರಲ್ಲಿ ಇದನ್ನ ಸಾಫ್ಟ್‌ವೇರ್‌ಗಳಿಂದ ತೆಗೀರಿ ಅಂತ ಪ್ರಸ್ತಾಪ ಬಂದಾಗ ಜನ ಬಿಡಲಿಲ್ಲ. ವೆಬ್ ಪುಟಗಳು ಬಂದುಹೋಗೋ ನಿಯಮ ಎಚ್‌ಟಿಟಿಪಿಯ 2022ರ ಮಾನದಂಡ ಆ ಸಂಖ್ಯೆಯನ್ನ ಬೇರೆ ಯಾರಿಗೂ ಕೊಡದೆ ಹಾಗೇ ಕಾದಿರಿಸಿದೆ.

ರಾತ್ರಿಪಾಳಿ
ಇದೇ ನನಗೆ ಆಗದೇ ಇರೋದು. ನಾನು ಸಪೋರ್ಟಿನಲ್ಲಿದ್ದ ಒಂದು ಕಂಪನಿಯಲ್ಲಿ ಸಾಲದ ಕಂತು ಕಟ್ಟೋ ಪುಟ ಇತ್ತು. ಯಾರೋ ಜಾಣ ಅದರ ಎರರ್ ಮೆಸೇಜಿಗೆ ‘ಅಯ್ಯೋ, ಸರ್ವರ್ ಟೀ ಕುಡಿಯೋಕೆ ಹೋಗಿದೆ!’ ಅಂತ ಬರೆದಿದ್ದ. ಕಂತಿನ ಕೊನೇ ದಿನ ರಾತ್ರಿ ಹತ್ತೂಮುಕ್ಕಾಲಿಗೆ ಒಬ್ಬರು ವಯಸ್ಸಾದವರು ಫೋನ್ ಮಾಡಿದ್ರು. ಬೈಲಿಲ್ಲ. ನಿಜವಾಗ್ಲೂ ಯಾರೋ ಟೀಗೆ ಹೋಗಿದ್ದಾರೆ ಅಂದ್ಕೊಂಡು, ‘ಅವರು ಎಷ್ಟೊತ್ತಿಗೆ ಬರ್ತಾರೆ ಸಾರ್? ಹನ್ನೆರಡರ ಒಳಗೆ ಬರ್ತಾರಾ?’ ಅಂತ ಕೇಳಿದ್ರು. ಏನ್ ಹೇಳಲಿ?

ಅನುವಾದಕಿ
ಈ ವಿಷಯಕ್ಕೆ ನಾನು ರಾತ್ರಿಪಾಳಿಯವರ ಕಡೆ. ದುಡ್ಡು ಸಿಕ್ಕಿಹಾಕಿಕೊಂಡವರ ಮುಂದೆ ಹಾಸ್ಯ ಬೇಡ. ಆದರೆ ಅದಕ್ಕೂ ೞ ನೋಡಿ ನಗೋದಕ್ಕೂ ಏನು ಸಂಬಂಧ? ಅದನ್ನ ಯಾರೂ ನಗಿಸೋಕೆ ಅಂತ ಇಟ್ಟಿಲ್ಲ, ಹುಡುಕಿದವರಿಗೆ ಸಿಕ್ತು. ನಾನು ಸಾಫ್ಟ್‌ವೇರ್ ಪರದೆ ಮೇಲೆ ತೋರಿಸೋ ಸಾಲುಗಳನ್ನ ಕನ್ನಡಕ್ಕೆ ತರೋಳು. ಒಂದು ಪ್ರೋಗ್ರಾಂ ಹುಟ್ಟಿಸಿದ ಇನ್ನೊಂದಕ್ಕೆ ‘ಚೈಲ್ಡ್’ ಅಂತಾರೆ, ಹುಟ್ಟಿಸಿದ್ದು ಮೊದಲೇ ಮುಗಿದುಹೋದ್ರೆ ಅದು ‘ಆರ್ಫನ್’, ನಿಲ್ಲಿಸೋದು ‘ಕಿಲ್’. ಮೊದಲ ಕರಡಿನಲ್ಲಿ ‘ಅನಾಥ ಮಕ್ಕಳನ್ನು ಕೊಲ್ಲಲಾಗುತ್ತಿದೆ, ಕಾಯಿರಿ’ ಅಂತ ಇತ್ತು. ಕಾಫಿ ಕೊಡೋಕೆ ಬಂದ ಅಮ್ಮ ಪರದೆ ನೋಡಿ ಲೋಟ ಅಲ್ಲೇ ಇಟ್ಟು, ‘ಇದಕ್ಕೇನೇ ನಿನ್ನ ಓದಿಸಿದ್ದು?’ ಅಂದ್ರು. ಬಳಕೆದಾರರಿಗೆ ಅದನ್ನ ಹೋಗೋಕೆ ಬಿಟ್ಟಿಲ್ಲ. ನಾವಿಬ್ಬರು ಮಾತ್ರ ಈಗಲೂ ನಗ್ತೀವಿ.

ರಾತ್ರಿಪಾಳಿ
ಅಮ್ಮನ ವಿಷಯಕ್ಕೆ ನಾನೂ ನಕ್ಕೆ, ಒಪ್ಕೋತೀನಿ. ಆದರೂ ಆ 418 ಯಾರೋ ಬೇಕಂತಲೇ ಇಟ್ಟಿದ್ದು ತಾನೇ?

ಅರ್ಕಾವತ್ತು
ಬೇಕಂತಲೇ. ಆದರೆ ಓದೋರು ನಮ್ಮಂಥವರೇ, ಕಂತು ಕಟ್ಟೋರಲ್ಲ. ಪುಟಗಟ್ಟಲೆ ಒಣ ದಾಖಲೆ ಓದಿದವನಿಗೆ ಸಿಗೋ ಒಂದು ಬೆಲ್ಲದ ಚೂರು. ನನಗೆ ಅದಕ್ಕಿಂತ ೞನೇ ಇಷ್ಟ, ಅದು ಬೇರೆ ಮಾತು.

ಹಳೇಮೇಷ್ಟ್ರು
ಒಂದು ಸಣ್ಣ ತೊಂದರೆ. ನೀವೆಲ್ಲ ಇಷ್ಟು ಹೊತ್ತು ಬರೆಯುತ್ತಿರುವ ಆ ಅಕ್ಷರ ಕಂಪ್ಯೂಟರಿನಲ್ಲಿ ಸರಿಯಾಗಿತ್ತು. ಈಗ ಹಳೇ ಫೋನಿನಲ್ಲಿ ನೋಡುತ್ತಿದ್ದೇನೆ, ಬರೀ ಚೌಕ ಕಾಣುತ್ತಿದೆ. ಕೋಳಿ ಇರಬೇಕಾದ ಕಡೆ ಒಂದು ಖಾಲಿ ಡಬ್ಬಿ.

ತುಮಕೂರು ಟೆಸ್ಟರ್
ಮೇಷ್ಟ್ರೇ, ಫೋನಿನ ಫಾಂಟಿನಲ್ಲಿ ಆ ಅಕ್ಷರ ಇಲ್ಲ. ಆ ಚೌಕಕ್ಕೆ ಫಾಂಟ್ ಮಾಡೋರು ಇಟ್ಟ ಹೆಸರು ‘ಟೋಫು’, ಸೋಯಾ ಪನೀರ್. ನೋಟೊ ಅನ್ನೋ ಫಾಂಟಿನ ಹೆಸರೇ ‘ಟೋಫು ಬೇಡ’ ಅನ್ನೋದರಿಂದ ಬಂದಿದ್ದು.

ಹಳೇಮೇಷ್ಟ್ರು
ಅಂದರೆ ಕೋಳಿ ಯೂನಿಕೋಡಿನಲ್ಲಿ ಕಾಫಿಯಾಗಿ, ನನ್ನ ಫೋನಿಗೆ ಬರುವಾಗ ಸೋಯಾ ಪನೀರ್ ಆಗಿದೆ. ನಮ್ಮದು ಸಸ್ಯಾಹಾರಿ ಮನೆ, ಫೋನಿಗೆ ಹೇಗೆ ಗೊತ್ತಾಯಿತೋ.