ಔಟ್‌ಬೋರ್ಡ್ ಇಂಜಿನ್ನಿಗೆ ಉಪ್ಪು ಹಿಡಿಯದ ಹಾಗೆ ಏನು ಮಾಡುತ್ತೀರಿ? ಅನುಭವ ಹೇಳಿ

ಕೇಳಿದವರು, ಗಂಗೊಳ್ಳಿ:
ನಮ್ಮ ನಾಡದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಹಳೆಯ 9.9 ಎಚ್‌ಪಿ ಟೂ-ಸ್ಟ್ರೋಕ್ ಇಂಜಿನ್ ಒಂದನ್ನು ತೆಗೆದುಕೊಂಡಿದ್ದೇವೆ. ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಬೋಲ್ಟುಗಳ ಸುತ್ತ ಬಿಳಿ ಪುಡಿ ಎದ್ದಿದೆ. ಕೂಲಿಂಗ್ ನೀರು ಹಿಂದಿನಿಂದ ಸಣ್ಣಗೆ ಬೀಳುತ್ತಿದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧಕ್ಕೆ ದೊಡ್ಡ ಬೋಟುಗಳು ನಿಂತಿರುತ್ತವೆ, 10 ಎಚ್‌ಪಿ ಒಳಗಿನ ನಮ್ಮಂಥವರಿಗೆ ಅದೇ ದುಡಿಮೆಯ ಕಾಲ. ಅಷ್ಟರೊಳಗೆ ಇಂಜಿನ್ ಸರಿಯಾಗಬೇಕು. ನೀವು ಹೇಗೆ ತೊಳೆಯುತ್ತೀರಿ, ಏನು ಹಚ್ಚುತ್ತೀರಿ, ಹೇಳಿ ಅಣ್ಣಂದಿರೇ.

ಮಲ್ಪೆಯಿಂದ:
ಬಿಳಿ ಪುಡಿ ಆಮೇಲೆ ನೋಡಿದರಾಯ್ತು ತಮ್ಮಾ, ಮೊದಲು ಆ ನೀರಿನ ವಿಷಯ ನೋಡಿ. ಕೆಲವು ಸಲ ನೀರು ಬೀಳುವ ತೂತಿಗೇ ಹೊಯ್ಗೆ (ಮರಳು), ಉಪ್ಪು ಕಟ್ಟಿರುತ್ತದೆ. ತೆಳು ತಂತಿ ಹಾಕಿ ಬಿಡಿಸಿ. ಆಮೇಲೂ ಹಾಗೇ ಬಂದರೆ ಇಂಪೆಲ್ಲರ್, ಅಂದರೆ ಕೂಲಿಂಗ್ ನೀರೆಳೆಯುವ ಪಂಪಿನ ಚಕ್ರ, ಸವೆದಿರಬಹುದು. ಅದು ರಬ್ಬರಿನದು. ಹೊಳೆ ಕಡಲು ಸೇರುವ ಅಳಿವೆಯ ಹೊಯ್ಗೆ ನೀರಲ್ಲಿ ಓಡಾಡುವವರಿಗೆ ಬೇಗ ಹೋಗುತ್ತದೆ. ಹಳೆಯ ಇಂಜಿನ್ ತಂದವರು ಹಿಂದಿನವರ ಮಾತು ನಂಬಿ ಕೂರಬಾರದು, ಹೊಸ ಇಂಪೆಲ್ಲರ್ ಹಾಕಿಸಿಯೇ ಕಡಲಿಗೆ ಇಳಿಸಬೇಕು. ಆಮೇಲೆ ವರ್ಷಕ್ಕೊಮ್ಮೆ ಬದಲಿಸಿ.

ಇನ್ನು ತೊಳೆಯುವುದು. ಒಂದು ಲೀಟರ್ ಕಡಲ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ದಡಕ್ಕೆ ಬಂದು ಇಂಜಿನ್ ನಿಲ್ಲಿಸಿದ ಮೇಲೆ ಒಳಗಿನ ಬಿಸಿಗೆ ನೀರು ಆರಿ, ಉಪ್ಪು ಕೂಲಿಂಗ್ ದಾರಿಯಲ್ಲೇ ಕೂರುತ್ತದೆ. ದಿನ ಕಳೆದಂತೆ ಪದರ ದಪ್ಪವಾಗಿ ಗಟ್ಟಿಯಾಗುತ್ತದೆ, ಆಗ ಬರೀ ನೀರಿಗೆ ಬಗ್ಗುವುದಿಲ್ಲ. ಅದಕ್ಕೇ ಬಂದ ದಿನವೇ ತೊಳೆಯಬೇಕು. ನಾಳೆ ಬೆಳಿಗ್ಗೆ ಅಂದುಕೊಂಡರೆ ಆಗಲ್ಲ.

ನಾವು ಮಾಡುವುದು ಹೀಗೆ. ಇಂಜಿನ್ನನ್ನು ಮರದ ಸ್ಟ್ಯಾಂಡಿಗೆ ಕಟ್ಟಿ, ಪ್ರೊಪೆಲ್ಲರ್ ಬಿಚ್ಚಿ, ಅದರ ಕಾಲನ್ನು (ನೀರಲ್ಲಿ ಮುಳುಗುವ ಕೆಳಭಾಗ) ಸಿಹಿನೀರು ತುಂಬಿದ 200 ಲೀಟರಿನ ಡ್ರಮ್ಮಿಗೆ ಇಳಿಸುತ್ತೇವೆ. ನೀರೆಳೆಯುವ ಜಾಲರಿ ಚೆನ್ನಾಗಿ ಮುಳುಗಿರಬೇಕು. ನೀರಿಲ್ಲದೆ ಸ್ವಲ್ಪ ಹೊತ್ತು ಓಡಿದರೂ ಇಂಪೆಲ್ಲರ್ ಹರಿಯುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ವೇಗ ಕೊಡದೆ ನಿಧಾನಕ್ಕೆ 10–15 ನಿಮಿಷ ಓಡಿಸಿ. ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ನೀರಿಗೆ ದಾರಿ ಬಿಡುವ ಕವಾಟ) ಇರುವ ಇಂಜಿನ್ನಿನಲ್ಲಿ ಅದು ಸುಮಾರು 50–60 ಡಿಗ್ರಿ ಬಿಸಿಯಾಗುವ ತನಕ ತೆರೆಯುವುದಿಲ್ಲ. ಅಲ್ಲಿಯವರೆಗೆ ಒಳಗಿನ ದಾರಿಗಳಿಗೆ ಸಿಹಿನೀರು ಸರಿಯಾಗಿ ತಲುಪುವುದಿಲ್ಲ. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಸುಮ್ನೆ ಎಣ್ಣೆ ದಂಡ. ಡ್ರಮ್ಮಿನ ನೀರನ್ನೂ ಆಗಾಗ ಬದಲಿಸಿ, ತೊಳೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ ಅಲ್ವಾ. ನಿಲ್ಲಿಸುವ ಮೊದಲು ಸೀಮೆಎಣ್ಣೆಯಿಂದ ಪೆಟ್ರೋಲಿಗೆ ಹೊರಳಿಸಿ, ಕಾರ್ಬೊರೇಟರ್‌ನಲ್ಲಿ ಸೀಮೆಎಣ್ಣೆ ಉಳಿಯಬಾರದು. ಆಮೇಲೆ ಇಂಜಿನ್ನನ್ನು ನೆಟ್ಟಗೆ ನಿಲ್ಲಿಸಿಡಿ, ನೀರೆಲ್ಲ ಬಸಿದು ಹೋಗಲಿ.

ಹೊನ್ನಾವರದಿಂದ:
ಯಾವ ನೀರಲ್ಲಿ ತೊಳೆಯುತ್ತೀರಿ ಅನ್ನುವುದೂ ಮುಖ್ಯ. ಕಡಲ ಬದಿಯ ಬಾವಿಗಳಲ್ಲಿ ಏಪ್ರಿಲ್–ಮೇ ಹೊತ್ತಿಗೆ ನೀರು ಉಪ್ಪಾಗುತ್ತದೆ. ಬಾಯಿಗೆ ಹಾಕಿ ನೋಡಿಯೇ ಡ್ರಮ್ ತುಂಬಿಸಿ. ನಮಗೆ ಶರಾವತಿಯಿಂದ ಅನುಕೂಲ. ಮೇಲೆ ವಿದ್ಯುತ್ ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಬರುವುದರಿಂದ ಹೊಳೆಯಲ್ಲಿ ಉಪ್ಪು ಕಡಿಮೆ. ಹೊಳೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ ಬಂದರೆ ಅರ್ಧ ತೊಳೆದ ಹಾಗೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಭರತದ (ಉಬ್ಬರದ) ಉಪ್ಪುನೀರು ತುಂಬಾ ಒಳಗೆ ಹೋಗುತ್ತದೆ, ಅಲ್ಲಿಯವರಿಗೆ ಈ ದಾರಿ ಇಲ್ಲ. ನಿಮ್ಮಲ್ಲಿ ಐದು ಹೊಳೆ ಸೇರುತ್ತವೆ. ಮಳೆ ಜೋರಾದ ಮೇಲೆ ಮೇಲ್ಗಡೆ ನೀರು ಸಿಹಿಯೇ, ಅಲ್ಲಿಯವರೆಗೆ ಡ್ರಮ್ಮನ್ನೇ ನಂಬಿ.

ಕಾರವಾರದಿಂದ, ಇಂಜಿನ್ ರಿಪೇರಿ ಮಾಡುವವರು:
ಆ ಬಿಳಿ ಪುಡಿ ಬರೀ ಉಪ್ಪಲ್ಲ. ಅದು ಇಂಜಿನ್ನಿನ ಅಲ್ಯೂಮಿನಿಯಂ ಸವೆದು ಆದ ಪುಡಿ. ಸ್ಟೀಲ್ ಬೋಲ್ಟು, ಅಲ್ಯೂಮಿನಿಯಂ ಮೈ, ನಡುವೆ ಉಪ್ಪುನೀರು: ಮೂರೂ ಸೇರಿದರೆ ಬ್ಯಾಟರಿಯ ಹಾಗೆ ಕರೆಂಟು ಹರಿದು ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಬೋಲ್ಟು ಬಿಗಿಯಾಗಿ ಹಿಡಿದಿದ್ದರೆ ದಯವಿಟ್ಟು ಉದ್ದ ಪೈಪು ಹಾಕಿ ತಿರುಗಿಸಬೇಡಿ. ತುಂಡಾಗಿ ಬರುವ ಬೋಲ್ಟುಗಳೇ ನನ್ನ ಹತ್ತಿರ ಜಾಸ್ತಿ, ಅದನ್ನು ಕೊರೆದು ತೆಗೆಯುವ ಖರ್ಚೂ ಜಾಸ್ತಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಮೆಲ್ಲಗೆ ತಟ್ಟಿ, ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ತಿರುಗಿಸುತ್ತಾ ಬಿಡಿಸಿ. ಬೋಲ್ಟಿನ ಮರೆಯನ್ನು (ಥ್ರೆಡ್) ಬ್ರಷ್‌ನಿಂದ ಉಜ್ಜಿ, ನೀರಿಗೆ ತೊಳೆದು ಹೋಗದ ಮರೈನ್ ಗ್ರೀಸ್ ಹಚ್ಚಿ ಮತ್ತೆ ಹಾಕಿ. ತಾಮ್ರದ ಪುಡಿ ಇರುವ ಪೇಸ್ಟ್ ಬೇಡ, ಅಲ್ಯೂಮಿನಿಯಂಗೆ ಅದು ಇನ್ನೂ ಕೆಟ್ಟದ್ದು.

ಇಂಜಿನ್ನಿನ ಕಾಲಿನ ಹತ್ತಿರ, ಬ್ರಾಕೆಟ್ ಹತ್ತಿರ ಬೂದು ಬಣ್ಣದ ಆನೋಡ್ ಇರುತ್ತದೆ. ಇಂಜಿನ್ನಿನ ಬದಲು ತಾನು ಕರಗುವುದೇ ಅದರ ಕೆಲಸ. ಅರ್ಧ ಕರಗಿದ್ದರೆ ಬದಲಿಸಿ. ಅದು ಕೂರುವ ಜಾಗ ಬರೀ ಲೋಹವಾಗಿರಬೇಕು. ಹಳೆಯ ಇಂಜಿನ್ನಿಗೆ ಬಣ್ಣ ಹೊಡೆದು ಮಾರುವವರು ಆನೋಡಿಗೂ ಸೇರಿಸಿ ಹೊಡೆದಿರುತ್ತಾರೆ. ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ಕೆರೆದು ನೋಡಿ. ಹೊಳೆ, ಕಡಲು ಎರಡರಲ್ಲೂ ಓಡುವ ನಿಮಗೆ ಸತುವಿನದಕ್ಕಿಂತ ಅಲ್ಯೂಮಿನಿಯಂ ಆನೋಡ್ ಒಳ್ಳೆಯದು.

ಬಾತ್‌ರೂಮ್ ತೊಳೆಯುವ ಆಸಿಡ್ ಸುರಿದು ಉಪ್ಪು ಬಿಡಿಸಿ ಎಂದು ಯಾರಾದರೂ ಹೇಳಿದರೆ ಕೇಳಲೇಬೇಡಿ. ಉಪ್ಪಿನ ಜೊತೆ ಇಂಜಿನ್ ಗೋಡೆಯನ್ನೂ ತಿನ್ನುತ್ತದೆ. ಕವರ್ ಒಳಗೆ ಪೈಪಿನ ನೀರು ಜೋರಾಗಿ ಬಿಡುವುದೂ ತಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ತುಕ್ಕು ತಡೆಯುವ ಸ್ಪ್ರೇ ಹೊಡೆಯಿರಿ.

ಭಟ್ಕಳದಿಂದ:
ಗೇರ್ ಆಯಿಲ್ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಲೆಕ್ಕ. ಪ್ರೊಪೆಲ್ಲರ್ ಹಿಂದೆ ಬಲೆಯ ನೂಲು ಸುತ್ತಿಕೊಂಡು, ನೀರು ಒಳಗೆ ಹೋಗದಂತೆ ತಡೆಯುವ ಸೀಲ್ ಕತ್ತರಿಸುತ್ತದೆ. ಪ್ರೊಪೆಲ್ಲರ್ ಬಿಚ್ಚಿದಾಗಲೆಲ್ಲ ನೂಲು ತೆಗೆದು, ಶಾಫ್ಟಿಗೆ ಗ್ರೀಸ್ ಹಚ್ಚಿ.

ಕೇಳಿದವರು, ಗಂಗೊಳ್ಳಿ:
ತುಂಬಾ ಉಪಕಾರ. ಇನ್ನೊಂದು ಪ್ರಶ್ನೆ. ಮಳೆಗಾಲದಲ್ಲಿ ಅಳಿವೆ ಬಾಗಿಲಲ್ಲಿ ದೋಣಿ ಮಗುಚಿ ಇಂಜಿನ್ ಮುಳುಗಿದರೆ?

ಉಪ್ಪುಂದದಿಂದ:
ಮೊದಲು ಜನ ಎಲ್ಲರೂ ದಡ ಸೇರಲಿ, ಇಂಜಿನ್ ಆಮೇಲೆ. ಎತ್ತಿದ ಕೂಡಲೇ ಹಗ್ಗ ಎಳೆದು ಸ್ಟಾರ್ಟ್ ಮಾಡಲು ಹೋಗಬೇಡಿ. ಓಡುತ್ತಿರುವಾಗಲೇ ಮುಳುಗಿದ್ದರೆ ಸಿಲಿಂಡರಿನಲ್ಲಿ ನೀರು ತುಂಬಿ ಒಳಗಿನ ರಾಡ್ ಬಗ್ಗಿರಬಹುದು. ಹೊರಗೆಲ್ಲ ಸಿಹಿನೀರು ಸುರಿದು ಉಪ್ಪು, ಹೊಯ್ಗೆ ತೆಗೆಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತು ಕೆಳಗೆ ಮಾಡಿ ಮಲಗಿಸಿ, ನಿಧಾನಕ್ಕೆ ಹಗ್ಗ ಎಳೆದರೆ ನೀರು ಹೊರಗೆ ಬರುತ್ತದೆ. ಎಳೆಯುವಾಗ ಎಲ್ಲಾದರೂ ಹಿಡಿದರೆ, ಹೊಯ್ಗೆ ಉಜ್ಜಿದ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಸಲೀಸಾಗಿ ತಿರುಗಿದರೆ ಕಾರ್ಬೊರೇಟರ್ ಬಸಿದು, ಪ್ಲಗ್ ತೂತಿನಿಂದ ಟೂ-ಸ್ಟ್ರೋಕ್ ಆಯಿಲ್ ಹಾಕಿ ಮತ್ತೆ ತಿರುಗಿಸಿ, ಅದೇ ದಿನ ಡ್ರಮ್ಮಿನಲ್ಲಿ ಓಡಿಸಿ. ಒಳಗಿನ ತೇವ ಬಿಸಿಗೇ ಹೋಗಬೇಕು.

ಮೆಕ್ಯಾನಿಕ್ ಮರುದಿನವೇ ಸಿಗುವುದಾದರೆ ಇಂಜಿನ್ನನ್ನು ಒಣಗಲು ಬಿಡಬೇಡಿ. ಇಡೀ ಇಂಜಿನ್ ಸಿಹಿನೀರಲ್ಲೇ ಮುಳುಗಿರಲಿ. ಕೇಳಲು ವಿಚಿತ್ರ ಅನಿಸಬಹುದು, ಆದರೆ ಉಪ್ಪು ಹತ್ತಿದ ಬೇರಿಂಗಿಗೆ ಗಾಳಿ ತಾಗಿದರೆ ಒಂದೇ ರಾತ್ರಿಯಲ್ಲಿ ತುಕ್ಕು ಕೂರುತ್ತದೆ.