ಮೈಟ್ರಲ್ ಕವಾಟ ಕಿರಿದಾಗಿದೆ: ಬಲೂನ್ ಚಿಕಿತ್ಸೆಯನ್ನು ಮುಂದೂಡಬಹುದೇ?

ಪ್ರಶ್ನೆ (ವಿಜಯನಗರದಿಂದ)

ನಮಸ್ಕಾರ. ನನಗೆ ಈಗ 32 ವರ್ಷ. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೇ ಕೀಲುಗಳು ಊದಿಕೊಂಡು ಜ್ವರ ಬಂದಿತ್ತು. ಆ ರುಮ್ಯಾಟಿಕ್ ಜ್ವರವೇ ಹೃದಯದ ಎಡಭಾಗದ ಮೈಟ್ರಲ್ ಕವಾಟವನ್ನು ಕೆಡಿಸಿದೆ ಎಂದು ವೈದ್ಯರು ಹೇಳುತ್ತಾರೆ. ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ಕವಾಟ ತೆರೆದುಕೊಳ್ಳುವ ಜಾಗ 1.1 ಚದರ ಸೆಂಟಿಮೀಟರ್ ಎಂದಿದೆ. ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕಂಬಿ ಹಿಡಿದು ನಿಲ್ಲುತ್ತೇನೆ. ರಾತ್ರಿ ತಲೆಗೆ ಎರಡು ದಿಂಬು ಬೇಕೇ ಬೇಕು. ವೈದ್ಯರು ಬಲೂನ್ ಚಿಕಿತ್ಸೆಗೆ ಬರೆದುಕೊಟ್ಟಿದ್ದಾರೆ. ನಮ್ಮ ಅತ್ತೆಯವರು ಮಾತ್ರ, ಎರಡನೆಯ ಮಗು ಆಗಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಮುಂದೂಡಿದರೆ ತೊಂದರೆಯಾಗುತ್ತದೆಯೇ? ಬಲೂನ್ ಹಾಕಿಸಿದರೂ ಕೊನೆಗೆ ಎದೆ ತೆರೆಯುವ ಶಸ್ತ್ರಚಿಕಿತ್ಸೆ ತಪ್ಪುವುದಿಲ್ಲವೇ? ಯೋಚಿಸಿ ಯೋಚಿಸಿ ನಿದ್ದೆ ಕೆಟ್ಟಿದೆ.

ಉತ್ತರ (ಬನಶಂಕರಿಯಿಂದ)

ನಿಮ್ಮ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಇದೇ ಚಿಕಿತ್ಸೆಯನ್ನು ನಾನೂ ಮಾಡಿಸಿಕೊಂಡಿದ್ದೇನೆ. ಆರೋಗ್ಯವಂತರಲ್ಲಿ ಈ ಕವಾಟ 4ರಿಂದ 6 ಚದರ ಸೆಂಟಿಮೀಟರ್‌ನಷ್ಟು ತೆರೆಯುತ್ತದೆ, 1.5ಕ್ಕಿಂತ ಕಡಿಮೆಯಾದರೆ ಅದನ್ನು ತೀವ್ರ ಸ್ವರೂಪದ ಕಾಯಿಲೆ ಎಂದೇ ಪರಿಗಣಿಸುತ್ತಾರೆ. ಗರ್ಭಿಣಿಯಾದಾಗ ದೇಹದಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಎದೆಬಡಿತವೂ ಏರುತ್ತದೆ. ಅಷ್ಟು ರಕ್ತ ಇಷ್ಟು ಚಿಕ್ಕ ಬಾಗಿಲಿನಿಂದ ಹಾಯಲಾಗದೆ ಹಿಂದಕ್ಕೆ ಒತ್ತಿದಾಗ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯವಿದೆ. ಆದ್ದರಿಂದ ಮಗುವಿಗಿಂತ ಮೊದಲು ಬಲೂನ್ ಎಂಬ ಕ್ರಮವೇ ಸರಿ. ಅತ್ತೆಯವರನ್ನೂ ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಎಕೋ ಪರದೆಯ ಮೇಲೆ ಕವಾಟ ಮಿಡಿಯುವುದನ್ನು ಕಣ್ಣಾರೆ ಕಂಡ ಮೇಲೆ ನಮ್ಮ ಮನೆಯ ಹಿರಿಯರು ವಾದ ನಿಲ್ಲಿಸಿದರು.

ಈ ಚಿಕಿತ್ಸೆಯಲ್ಲಿ ಎದೆ ಕೊಯ್ಯುವುದಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಳವೆಯನ್ನು ಹೃದಯದವರೆಗೆ ಸಾಗಿಸಿ, ಬಲೂನ್ ಉಬ್ಬಿಸಿ, ಅಂಟಿಕೊಂಡ ಕವಾಟದ ಅಂಚುಗಳನ್ನು ಬಿಡಿಸುತ್ತಾರೆ. 1984ರಲ್ಲಿ ಜಪಾನಿನ ಇನೊವೆ ಅವರು ಪ್ರಕಟಿಸಿದ ಈ ವಿಧಾನ ನಮ್ಮ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ದಶಕಗಳಿಂದ ನಡೆಯುತ್ತಿದೆ. ಮುಂದೆ ಎಂದಾದರೂ ಕವಾಟ ಮತ್ತೆ ಕಿರಿದಾಗಬಹುದು, ಅದು ನಿಜ. ಆದರೆ ಅಲ್ಲಿಯವರೆಗೆ ನಿಮ್ಮ ಸ್ವಂತ ಕವಾಟವೇ ಉಳಿದಿರುತ್ತದೆ. ತಡಮಾಡಿದರೆ ಕವಾಟಕ್ಕೆ ಸುಣ್ಣ ಕಟ್ಟಿ ಬಲೂನ್ ಹಾಕುವ ಅವಕಾಶವೇ ತಪ್ಪಬಹುದು.

ಉತ್ತರ (ಮಲ್ಲೇಶ್ವರದಿಂದ)

ತಾಯಿ, ನನಗೆ ಲೋಹದ ಕವಾಟ ಹಾಕಿದ್ದಾರೆ. ಭಯಪಡಿಸಲು ಹೇಳುತ್ತಿಲ್ಲ, ಚೆನ್ನಾಗಿಯೇ ಇದ್ದೇನೆ. ಆದರೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಅಂಕಿ 2.5ರಿಂದ 3.5ರ ಒಳಗಿರುವಂತೆ ನೋಡಿಕೊಳ್ಳಬೇಕು. ಒಂದು ವಾರ ದಂಟಿನ ಸೊಪ್ಪಿನ ಬಸ್ಸಾರು ಹೆಚ್ಚು ಉಂಡರೂ ಅಂಕಿ ಇಳಿದುಬಿಡುತ್ತದೆ. ಹಾಗಾಗಿ ಸೊಪ್ಪು ಬಿಡದೆ, ವಾರವಾರವೂ ಒಂದೇ ಅಳತೆಯಲ್ಲಿ ತಿನ್ನುತ್ತೇನೆ. ಈ ವಾರ್ಫರಿನ್ ಬಗೆಯ ಮಾತ್ರೆಗಳು ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿಗೆ ಹಾನಿ ಮಾಡಬಲ್ಲವು. ಮಗು ಬೇಕೆನ್ನುವವರಿಗೆ ಬಲೂನ್ ಸಾಧ್ಯವಿರುವಾಗ ಅದನ್ನು ಕೈಬಿಡಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗಂಟಲಿನಿಂದ ಕೊಳವೆ ಇಳಿಸಿ ಇನ್ನೊಂದು ಎಕೋ ಮಾಡಬೇಕು ಎಂದಿದ್ದಾರೆ. ಅದು ನಿಜವಾಗಿಯೂ ಅಗತ್ಯವೇ?

ಉತ್ತರ (ಬನಶಂಕರಿಯಿಂದ)

ಅಗತ್ಯ, ದಯವಿಟ್ಟು ತಪ್ಪಿಸಬೇಡಿ. ಹೃದಯದ ಎಡ ಮೇಲ್ಕೋಣೆಯಲ್ಲಿ ರಕ್ತದ ಹೆಪ್ಪು ಇದ್ದರೆ ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಅದು ಕಾಣದೇ ಹೋಗಬಹುದು. ಹೆಪ್ಪು ಇರುವಾಗ ಬಲೂನ್ ಹಾಕಿದರೆ ಅದು ಕಳಚಿ ಮೆದುಳಿಗೆ ಹೋಗಿ ಪಾರ್ಶ್ವವಾಯು ತರಬಲ್ಲದು. ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸುತ್ತಾರೆ. ಸ್ವಲ್ಪ ಹೊತ್ತು ಓಕರಿಕೆ ಬಂದಂತಾಗುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಮೂರು ವಾರಕ್ಕೊಮ್ಮೆ ಹಾಕಿಸುವ ಪೆನಿಸಿಲಿನ್ ಚುಚ್ಚುಮದ್ದನ್ನು, ಬಲೂನ್ ಆಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಸೊಂಟ ದಿನವಿಡೀ ನೋಯುತ್ತದೆ, ನಿಜ, ಆದರೆ ರುಮ್ಯಾಟಿಕ್ ಜ್ವರ ಮರುಕಳಿಸಿ ಕವಾಟ ಇನ್ನಷ್ಟು ಕೆಡದಂತೆ ತಡೆಯುವುದು ಅದೇ. ಎಷ್ಟು ವಯಸ್ಸಿನವರೆಗೆ ಬೇಕು ಎಂಬುದನ್ನು ನಿಮ್ಮ ಹೃದ್ರೋಗ ವೈದ್ಯರೇ ನಿರ್ಧರಿಸಲಿ.